ನೀರು ಕೆಡುವುದು ಕೊನೆಯ ನೂರು ಮಾರಿನಲ್ಲಿ

ಪ್ರಶ್ನೆ: ಹಳೇ ಹುಬ್ಬಳ್ಳಿಯಲ್ಲಿ ನಮ್ಮ ಮನೆ. ನಳಕ್ಕೆ ಏಳೆಂಟು ದಿನಕ್ಕೊಮ್ಮೆ ನೀರು ಬರುತ್ತದೆ. ಬಿಟ್ಟ ಕೂಡಲೇ ಬರುವ ನೀರು ಕೆಂಪಗಿದ್ದು ಸ್ವಲ್ಪ ವಾಸನೆ ಹೊಡೆಯುತ್ತದೆ, ಆಮೇಲೆ ತಿಳಿಯಾಗುತ್ತದೆ. ಮಳೆಗಾಲ ಹಿಡಿದರೆ ಸಣ್ಣ ಮಕ್ಕಳಿಗೆ ಹೊಟ್ಟೆ ಕೆಡುವುದು ತಪ್ಪಿದ್ದಲ್ಲ. ಹೋದ ವರ್ಷ ನಮ್ಮ ಅತ್ತೆಯವರಿಗೆ ಟೈಫಾಯಿಡ್ ಆಗಿತ್ತು. ನೀರು ಡ್ಯಾಮಿನಿಂದಲೇ ಕೆಟ್ಟು ಬರುತ್ತದೋ? ಆರ್‌ಒ ಹಾಕಿಸಿದರೆ ಸಾಕೋ? 24 ತಾಸು ನೀರು ಬರುವ ಓಣಿಗಳಲ್ಲಿ ಈ ತೊಂದರೆ ಇಲ್ಲವಂತೆ, ನಿಜವೇ?

ಉತ್ತರ: ಕೊನೆಯ ಪ್ರಶ್ನೆಯಿಂದ ಶುರು ಮಾಡೋಣ. ಅದಕ್ಕೆ ಉತ್ತರ ಹುಡುಕಲು ಬೇರೆ ಊರಿಗೆ ಹೋಗಬೇಕಿಲ್ಲ. ದಿನ ಬಿಟ್ಟು ಬರುವ ನೀರಿಗೂ ಸದಾ ಬರುವ ನೀರಿಗೂ ಏನು ವ್ಯತ್ಯಾಸ ಎಂಬುದನ್ನು ಅಳೆದು ನೋಡಿದ ಮುಖ್ಯ ಅಧ್ಯಯನಗಳು ನಡೆದದ್ದೇ ಹುಬ್ಬಳ್ಳಿ-ಧಾರವಾಡದಲ್ಲಿ. ವಿಶ್ವಬ್ಯಾಂಕ್ ನೆರವಿನ ಪ್ರಾಯೋಗಿಕ ಯೋಜನೆಯಿಂದ ಅವಳಿ ನಗರದ ಕೆಲವು ವಾರ್ಡುಗಳಿಗೆ 2008ರ ಹೊತ್ತಿಗೆ 24 ತಾಸಿನ ನೀರು ಬಂದಿತ್ತು. ಉಳಿದವಕ್ಕೆ ಹಳೆಯ ಪಾಳಿಯೇ. ಒಂದೇ ಊರಿನಲ್ಲಿ ಎರಡು ಬಗೆಯ ಸರಬರಾಜು ಅಕ್ಕಪಕ್ಕ ಸಿಕ್ಕುವುದು ಸಂಶೋಧಕರಿಗೆ ಅಪರೂಪ.

ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಒಂದು ವರ್ಷ ಕಾಲ ಮೂರು ಕಡೆಯಿಂದ ನೀರು ಹಿಡಿದು ಪರೀಕ್ಷಿಸಿದರು: ಎತ್ತರದ ಟಾಕಿಯಿಂದ ಹೊರಬೀಳುವ ನೀರು, ಮನೆಯ ನಳದ ನೀರು, ಮನೆಯವರು ಕುಡಿಯಲು ತುಂಬಿಟ್ಟ ನೀರು. 2013ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು. ಮಲದಿಂದ ಬರುವ ಇ. ಕೊಲೈ ಬ್ಯಾಕ್ಟೀರಿಯಾ 24 ತಾಸಿನ ನಳಗಳ ಮಾದರಿಗಳಲ್ಲಿ ಶೇ 0.7ರಷ್ಟರಲ್ಲಿ ಮಾತ್ರ ಸಿಕ್ಕಿತು. ಪಾಳಿ ಮೇಲೆ ನೀರು ಬರುವ ನಳಗಳಲ್ಲಿ ಶೇ 31.7ರಷ್ಟರಲ್ಲಿ. ಮಳೆಗಾಲದಲ್ಲಿ ಮೂಲದ ನೀರಿನ ಗುಣಮಟ್ಟ ಸ್ವಲ್ಪವೇ ಇಳಿದರೆ, ಇಡೀ ಮಳೆಗಾಲ ಎದ್ದು ಕಾಣುವಷ್ಟು ಕೆಟ್ಟದ್ದು ಪಾಳಿ ನಳದ ನೀರು ಮಾತ್ರ. ನಿಮ್ಮ ಮೊದಲ ಪ್ರಶ್ನೆಗೂ ಇದರಲ್ಲೇ ಉತ್ತರವಿದೆ. ಮಲಪ್ರಭೆಯ ನವಿಲುತೀರ್ಥ ಡ್ಯಾಮಿನಿಂದ ಅಮ್ಮಿನಭಾವಿಯ ಶುದ್ಧೀಕರಣ ಘಟಕಕ್ಕೆ ಬಂದು ಸೋಸಿ ಕ್ಲೋರಿನ್ ಬೆರೆತ ನೀರು ಟಾಕಿಯವರೆಗೆ ಬಹುಮಟ್ಟಿಗೆ ನೆಟ್ಟಗೇ ಇರುತ್ತದೆ. ಕೆಡುವುದು ಟಾಕಿಯಿಂದ ನಿಮ್ಮ ಅಡುಗೆಮನೆಯ ಕೊಡದವರೆಗಿನ ದಾರಿಯಲ್ಲಿ.

ಆದರೆ 24 ತಾಸು ನೀರು ಬಂದ ಮಾತ್ರಕ್ಕೆ ಮಕ್ಕಳ ಹೊಟ್ಟೆ ಸರಿಯಾಯಿತೇ? ಸಂಶೋಧಕಿ ಅಯ್ಶೆ ಎರ್ಜುಮೆನ್ ಮತ್ತು ಜೊತೆಗಾರರು ಇದೇ ಅವಳಿ ನಗರದಲ್ಲಿ 2010ರ ನವೆಂಬರಿನಿಂದ 2012ರ ಫೆಬ್ರುವರಿವರೆಗೆ, ಐದು ವರ್ಷದೊಳಗಿನ ಮಕ್ಕಳಿರುವ 3,922 ಮನೆಗಳಿಗೆ ನಾಲ್ಕು ನಾಲ್ಕು ಬಾರಿ ಹೋಗಿ ವಿಚಾರಿಸಿದರು. ಸಾಮಾನ್ಯ ಭೇದಿಯಲ್ಲಿ ಎರಡೂ ಕಡೆಯ ಮಕ್ಕಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಟೈಫಾಯಿಡ್ ಆದ ಮನೆಗಳು ಮಾತ್ರ 24 ತಾಸಿನ ಓಣಿಗಳಲ್ಲಿ ಶೇ 42ರಷ್ಟು ಕಡಿಮೆ. ಬಡ ಮನೆಗಳ ಮಕ್ಕಳಲ್ಲಿ ರಕ್ತಭೇದಿ ಶೇ 37ರಷ್ಟು ಕಡಿಮೆ. ಉಳ್ಳವರ ಮನೆಗಳಲ್ಲಿ ಅಂಥ ಅಂತರವಿಲ್ಲ. ಹಾಗಾಗಿ ನೀವು ಕೇಳಿದ್ದು ಅರ್ಧ ನಿಜ. ಉಳಿದರ್ಧಕ್ಕೆ ಕಾರಣದ ಒಂದು ಎಳೆ ಮೊದಲ ಅಧ್ಯಯನದಲ್ಲಿತ್ತು: ನಳದಲ್ಲಿ ಸದಾ ನೀರಿದ್ದರೂ ಹೆಚ್ಚಿನ ಮನೆಯವರು ಹಳೆಯ ರೂಢಿಯಂತೆ ಕೊಡದಲ್ಲಿ ತುಂಬಿಟ್ಟೇ ಕುಡಿಯುತ್ತಿದ್ದರು, ಆ ಕೊಡದ ನೀರು ನಳದ ನೀರಿಗಿಂತ ಕೆಟ್ಟಿತ್ತು. 24 ತಾಸಿನ ನೀರನ್ನು ಸರ್ವರೋಗಕ್ಕೆ ಮದ್ದೆಂದು ಭಾಷಣ ಮಾಡುವವರೂ, ಅದು ಬರೀ ದುಡ್ಡಿನ ದಂಡ ಎನ್ನುವವರೂ ಈ ಎರಡನ್ನೂ ಒಟ್ಟಿಗೆ ಓದಿದರೆ ಒಳ್ಳೆಯದು.

ಈಗ ಪೈಪಿನೊಳಗೆ ಏನಾಗುತ್ತದೆ ನೋಡೋಣ. ನೀರು ತುಂಬಿ ಒತ್ತಡವಿದ್ದಾಗ ಪೈಪಿನ ಬಿರುಕಿನಿಂದ ನೀರು ಹೊರಗೆ ಸೋರುತ್ತದೆ. ಹೊರಗಿನದು ಒಳಗೆ ಬರಲಾರದು. ವಾಲ್‌ಮನ್ ವಾಲ್ ಮುಚ್ಚಿದ ಮೇಲೆ ಪೈಪು ನಿಧಾನಕ್ಕೆ ಖಾಲಿಯಾಗುತ್ತದೆ. ಆಗ ಅದೇ ಬಿರುಕು ಬಾಗಿಲಾಗಿ, ಪಕ್ಕದ ಮಣ್ಣಿನಲ್ಲಿ ನಿಂತ ಗಟಾರದ ನೀರು ಒಳಗೆ ಇಳಿಯುತ್ತದೆ. ಏಳು ದಿನ ಹೀಗೇ. ಪೈಪಿನ ಗೋಡೆಗೆ ಅಂಟಿದ ಲೋಳೆ, ತುಕ್ಕು, ಕೆಸರು ಎಲ್ಲ ಸೇರಿ ಎಂಟನೆಯ ದಿನ ಮೊದಲು ನುಗ್ಗುವ ನೀರಿನೊಂದಿಗೆ ನಿಮ್ಮ ಬಕೆಟ್ಟಿಗೆ ಬೀಳುತ್ತವೆ. ನೀವು ಕಾಣುವ ಕೆಂಪು ಅದೇ. ನಮ್ಮ ಭಾಗದ ಎರೆ ಮಣ್ಣು ಇದಕ್ಕೆ ಇನ್ನೊಂದು ಕೈ ಸೇರಿಸುತ್ತದೆ: ಬೇಸಿಗೆಯಲ್ಲಿ ಬಿರಿದು, ಮಳೆಗೆ ಉಬ್ಬಿ, ಬಿಗಿಯಾದ ಪೈಪಿನ ಜೋಡಣೆಗಳನ್ನು ವರ್ಷಕ್ಕೆ ಒಂದೆರಡು ಸಲವಾದರೂ ಎಳೆದಾಡುತ್ತದೆ.

ಕುಂಪೆಲ್ ಮತ್ತು ನೆಲ್ಸನ್ ಆಮೇಲೆ ಇದೇ ಊರಿನ 11 ಜಾಗಗಳಲ್ಲಿ, ನೀರು ಬಿಟ್ಟಾಗಿನಿಂದ ನಿಲ್ಲುವವರೆಗೆ ಒತ್ತಡವನ್ನೂ ಬ್ಯಾಕ್ಟೀರಿಯಾವನ್ನೂ ಅಳೆದರು. 2014ರಲ್ಲಿ ಬಂದ ಆ ವರದಿಯ ಅಂಕಿ ಮನೆಯವರಿಗೂ ಉಪಯೋಗದ್ದು. ಒತ್ತಡ 17 ಪಿಎಸ್‌ಐಗಿಂತ ಹೆಚ್ಚಿದ್ದು ಕ್ಲೋರಿನ್ ಉಳಿದಿದ್ದರೆ ಇ. ಕೊಲೈ ಸಿಗಲೇ ಇಲ್ಲ. 10ರಿಂದ 17ರ ನಡುವೆ ಆಗಾಗ ಕಲ್ಮಶದ ಗುರುತು. 10ಕ್ಕಿಂತ ಕೆಳಗಿಳಿದರೆ, ನೀರಿನಲ್ಲಿ ಕ್ಲೋರಿನ್ ಇದ್ದಾಗಲೂ ಬ್ಯಾಕ್ಟೀರಿಯಾ ಪದೇ ಪದೇ ಕಂಡವು. ನಮ್ಮ ಪ್ಲಂಬರ್‌ಗಳ ಲೆಕ್ಕದಲ್ಲಿ ಹೇಳುವುದಾದರೆ 17 ಪಿಎಸ್‌ಐ ಅಂದರೆ ಸುಮಾರು 12 ಮೀಟರ್ ಎತ್ತರಕ್ಕೆ ನೀರು ತಾನಾಗಿ ಏರುವಷ್ಟು ಒತ್ತಡ. 10 ಎಂದರೆ 7 ಮೀಟರ್. ಕೇಂದ್ರ ಸರಕಾರದ ನೀರು ಸರಬರಾಜು ಕೈಪಿಡಿಯ 1999ರ ಆವೃತ್ತಿ ಒಂದಂತಸ್ತಿಗೆ 7 ಮೀಟರ್, ಎರಡಂತಸ್ತಿಗೆ 12 ಮೀಟರ್ ಒತ್ತಡ ಬೇಕೆಂದಿತ್ತು. ಮಹಡಿಗೆ ನೀರು ಏರಲಿ ಎಂದು ಇಟ್ಟ ಅಳತೆಯೇ ಗಟಾರದ ನೀರನ್ನು ಹೊರಗಿಡುವ ಅಳತೆಯೂ ಆಗಿರುವುದು ಕಾಕತಾಳೀಯವೇ ಇರಬಹುದು, ಆದರೆ ನೆನಪಿಡಲು ಅನುಕೂಲ.

ಅಳೆಯುವುದು ಕಷ್ಟವಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ 0–4 ಕೆ.ಜಿ. ಅಂಕಿಯ ಪ್ರೆಶರ್ ಗೇಜ್ ತಂದು ನಳದ ಬಾಯಿಗೆ ಜೋಡಿಸಿ, ನೀರು ಬಂದು ಹತ್ತು ನಿಮಿಷವಾದ ಮೇಲೆ ಒಮ್ಮೆ, ಅರ್ಧ ತಾಸಾದ ಮೇಲೆ ಒಮ್ಮೆ, ನಿಲ್ಲುವ ಮುಂಚೆ ಒಮ್ಮೆ ಓದಿ ಬರೆದಿಡಿ. ಓದುವಾಗ ಮನೆಯ ಉಳಿದ ನಳಗಳನ್ನು ಬಂದ್ ಇಡಿ. ಮುಳ್ಳು 1.2 ಕೆ.ಜಿ. (ಮೇಲೆ ಹೇಳಿದ 12 ಮೀಟರ್) ದಾಟಿದ್ದರೆ ಚಿಂತೆ ಕಡಿಮೆ, 0.7ರ (7 ಮೀಟರ್) ಕೆಳಗಿದ್ದರೆ ಆ ಹೊತ್ತಿನ ನೀರನ್ನು ಹಾಗೇ ಕುಡಿಯಬಾರದು. ಗೇಜ್ ಇಲ್ಲದವರಿಗೆ ಸುಲಭದ ಗುರುತು: ಮೋಟರ್ ಇಲ್ಲದೆ ಮೊದಲ ಮಹಡಿಯ ಮೇಲಿನ ಟಾಕಿಗೆ ನೀರು ಏರುತ್ತಿದ್ದರೆ ಒತ್ತಡ 0.7ರ ಆಸುಪಾಸಿನಲ್ಲಾದರೂ ಇದೆ ಎಂದರ್ಥ.

ಇಲ್ಲಿ ಒಂದು ಕಹಿ ಮಾತು. ನಳಕ್ಕೇ ನೇರ ಮೋಟರ್ ಹಚ್ಚಿ ಎಳೆಯುವುದನ್ನು ಬಿಡಬೇಕು. ನಳ ನಿಮಿಷಕ್ಕೆ 10 ಲೀಟರ್ ಕೊಡುವಾಗ ಮೋಟರ್ 30 ಲೀಟರ್ ಕೇಳಿದರೆ, ಉಳಿದದ್ದನ್ನು ಅದು ಎಲ್ಲಿಂದಲಾದರೂ ಎಳೆಯಲೇಬೇಕು; ಪೈಪಿನಲ್ಲಿ ಒತ್ತಡ ಸೊನ್ನೆಗಿಂತ ಕೆಳಗಿಳಿದು ಗಟಾರದ ಪಕ್ಕದ ಬಿರುಕು ಸ್ಟ್ರಾದಂತೆ ಕೆಲಸ ಮಾಡುತ್ತದೆ. ಮೋಟರ್ ಜಪ್ತಿಯಾಗುವ ಹೆದರಿಕೆ ಹಾಗಿರಲಿ, ಕುಡಿಯುವುದು ನೀವು, ನಿಮ್ಮ ಪಕ್ಕದವರು. ನೀರು ತಾನಾಗಿ ಸಂಪಿಗೆ ಬೀಳಲಿ, ಮೋಟರ್ ಸಂಪಿನಿಂದ ಎತ್ತಲಿ.

ಸಂಪಿಗೆ ಬೀಳುವ ಪೈಪಿನ ಬಾಯಿ ನೀರಿನಲ್ಲಿ ಮುಳುಗಿರಬಾರದು. ಲೈನಿನಲ್ಲಿ ನೀರು ನಿಂತಾಗ ಮುಳುಗಿದ ಪೈಪು ಸಂಪಿನ ನೀರನ್ನೇ ಹಿಂದಕ್ಕೆ ಹೀರಿ ಓಣಿಯ ಲೈನಿಗೆ ಬಿಡುತ್ತದೆ. ಸಂಪು ತುಂಬಿದಾಗಿನ ಮಟ್ಟಕ್ಕಿಂತ ನಾಲ್ಕು ಬೆರಳು ಮೇಲೆ ಪೈಪಿನ ಬಾಯಿ ನಿಲ್ಲಿಸಿ. ಬ್ಯಾರಲ್ಲಿಗೆ ರಬ್ಬರ್ ಪೈಪು ಇಳಿಬಿಟ್ಟು ನೀರು ತುಂಬುವವರಿಗೂ ಇದೇ ಮಾತು.

ತೊಂದರೆ ಎಲ್ಲಿದೆ ಎಂದು ಊಹಿಸುವ ಬದಲು ಮೂರು ಬಾಟಲಿ ಪರೀಕ್ಷೆ ಮಾಡಿ. ಎಚ್‌2ಎಸ್ ಬಾಟಲಿ ಎಂದು ಕೇಳಿದರೆ ಲ್ಯಾಬ್ ಸಾಮಾನು ಮಾರುವ ಕಡೆ ಸಿಗುತ್ತದೆ. ಒಳಗೆ ಮದ್ದು ಹೀರಿದ ಕಾಗದವೋ ಪುಡಿಯೋ ಇರುತ್ತದೆ. ಗುರುತಿನವರೆಗೆ ನೀರು ತುಂಬಿ, ಮುಚ್ಚಿ, ಮನೆಯೊಳಗಿನ ಬೆಚ್ಚಗಿನ ಜಾಗದಲ್ಲಿ ಎರಡು ದಿನ ಇಟ್ಟರೆ, ಮಲದ ಕಲ್ಮಶವಿರುವ ನೀರು ಕಪ್ಪಾಗುತ್ತದೆ. ಮೊದಲ ಬಾಟಲಿ: ನೀರು ಬಂದ ಎರಡನೇ ನಿಮಿಷದ್ದು. ಎರಡನೆಯದು: ಅರ್ಧ ತಾಸಿನ ನಂತರ ಅದೇ ನಳದ್ದು. ಮೂರನೆಯದು: ನಾಲ್ಕು ದಿನ ಕಳೆದ ಮೇಲೆ ನೀವು ಕುಡಿಯುವ ಕೊಡದಿಂದ, ದಿನಾಲೂ ಹೇಗೆ ತೆಗೆಯುತ್ತೀರೋ ಹಾಗೇ ತಂಬಿಗೆಯಿಂದ ತೆಗೆದದ್ದು. ಬಾಟಲಿಯ ಬಾಯಿಗಾಗಲಿ ಮುಚ್ಚಳದ ಒಳಗಾಗಲಿ ಬೆರಳು ತಾಗಿದರೆ ಪರೀಕ್ಷೆ ಕೆಟ್ಟಂತೆಯೇ.

ಮೊದಲನೆಯದು ಮಾತ್ರ ಕಪ್ಪಾದರೆ ಖಾಲಿ ಪೈಪಿನ ಕೊಳೆ. ಮೊದಲ ನೀರನ್ನು ಕುಡಿಯಲು ಹಿಡಿಯದಿದ್ದರೆ ಸಾಕು. ಮೊದಲೆರಡೂ ಕಪ್ಪಾದರೆ ನೀರು ಹರಿಯುವಾಗಲೂ ಕೊಳೆ ಸೇರುತ್ತಿದೆ. ಆಗ ಪಕ್ಕದ ಮನೆಯಲ್ಲೂ ಒಂದು ಬಾಟಲಿ ಹಿಡಿಯಿರಿ. ಅವರದು ತಿಳಿಯಿದ್ದು ನಿಮ್ಮದು ಕಪ್ಪಾದರೆ ತಪ್ಪು ನಿಮ್ಮ ಮನೆಯ ಪೈಪಿನಲ್ಲಿ. ಇಬ್ಬರದೂ ಕಪ್ಪಾದರೆ ಓಣಿಯ ಲೈನಿನಲ್ಲಿ, ಅದು ಪಾಲಿಕೆಯ ಕೆಲಸ. ನಳದವೆರಡೂ ತಿಳಿಯಿದ್ದು ಕೊಡದ್ದು ಮಾತ್ರ ಕಪ್ಪಾದರೆ ಯಾರನ್ನೂ ಬೈಯುವಂತಿಲ್ಲ. ಬೋರಿನ ನೀರಿಗೆ ಈ ಪರೀಕ್ಷೆ ಕೆಲವೊಮ್ಮೆ ಸುಳ್ಳು ಹೇಳುತ್ತದೆ, ಭೂಮಿಯ ಗಂಧಕದಿಂದಲೂ ಕಪ್ಪಾಗಬಹುದು. ಕಪ್ಪಾದ ಬಾಟಲಿಗೆ ಬ್ಲೀಚಿಂಗ್ ಪೌಡರ್ ನೀರು ಹಾಕಿ ಅರ್ಧ ತಾಸು ಬಿಟ್ಟು ಪಾಯಖಾನೆಗೆ ಸುರಿಯಿರಿ. ಮಕ್ಕಳ ಕೈಗೆ ಸಿಗಬಾರದು.

ಮೊದಲ ನೀರು ಎಂದರೆ ಎಷ್ಟು? ಅರ್ಧ ಇಂಚಿನ ಮನೆ ಪೈಪು ಮೀಟರಿಗೆ 0.2 ಲೀಟರಿಗಿಂತ ಕಡಿಮೆ ಹಿಡಿಯುತ್ತದೆ; ಹತ್ತು ಮೀಟರಿಗೆ ಒಂದು ತಂಬಿಗೆ ಚಿಲ್ಲರೆ. ಅಷ್ಟು ಚೆಲ್ಲಿದರೆ ಸಾಕೆಂದು ಹಲವರು ತಿಳಿಯುತ್ತಾರೆ. ಓಣಿಯ ನಾಲ್ಕಿಂಚಿನ ಲೈನು ಮೀಟರಿಗೆ ಸುಮಾರು 8 ಲೀಟರ್ ಹಿಡಿಯುತ್ತದೆ, ನೂರು ಮೀಟರಿಗೆ 800 ಲೀಟರ್. ಆ ಕೊಳೆಯೆಲ್ಲ ಓಣಿಯ ಮನೆಗಳಿಗೆ ಹಂಚಿ ಹೋಗಬೇಕು. ಹಾಗಾಗಿ ಬಣ್ಣ ತಿಳಿಯಾದ ಮೇಲೂ ಹತ್ತು ಹದಿನೈದು ನಿಮಿಷ ಬಿಟ್ಟು ಕುಡಿಯುವ ಕೊಡ ಹಿಡಿಯಿರಿ. ಮೊದಲ ನೀರನ್ನು ಗಟಾರಕ್ಕೆ ಬಿಡಬೇಡಿ. ಒಂದು ಬ್ಯಾರಲ್ ಅದಕ್ಕೇ ಮೀಸಲಿಟ್ಟರೆ ಪಾಯಖಾನೆಗೆ, ನೆಲ ಒರೆಸಲು, ಅಂಗಳಕ್ಕೆ ಆಗುತ್ತದೆ. ಹೊಸ ನೀರು ಬಂತೆಂದು ಹಳೇ ನೀರನ್ನು ಕೊಡಗಟ್ಟಲೆ ಚೆಲ್ಲುವುದೂ ಬೇಡ. ದೂರದ ಮಲಪ್ರಭೆಯಿಂದ ಕರೆಂಟು ಸುಟ್ಟು ಎತ್ತಿ ತಂದ ನೀರದು.

ಗಟಾರ ದಾಟುವ ಪೈಪು ನಮ್ಮ ಹಳೇ ಓಣಿಗಳ ದೊಡ್ಡ ರೋಗ. ಓಣಿಯ ಲೈನಿನಿಂದ ಮನೆಗೆ ಬರುವ ಪೈಪು ಬಹಳ ಕಡೆ ತೆರೆದ ಗಟಾರದೊಳಗೇ ಹಾದು ಬರುತ್ತದೆ, ಅದೂ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಾದರೆ ಗಟಾರದ ನೀರಿನ ಮಟ್ಟ ತಾಗುವ ಕಡೆ ತುಕ್ಕು ತಿಂದು ಸೂಜಿಗಾತ್ರದ ತೂತಾಗಿರುತ್ತದೆ. ಗಟಾರ ಬಳಿಸಿ ಆ ಒಂದು ಮಾರು ಪೈಪನ್ನು ಬ್ರಶ್ ಹಾಕಿ ಉಜ್ಜಿ, ನೀರು ಬಂದಾಗ ಕೈ ಹಿಡಿದು ನೋಡಿ. ಸಣ್ಣ ಚಿಲುಮೆ ಸಿಕ್ಕರೆ ಕಳ್ಳ ಸಿಕ್ಕಂತೆ. ಎಂ-ಸೀಲ್ ಹಚ್ಚುವುದು ಒಂದು ಮಳೆಗಾಲದ ಮಾತು. ಲೈನಿನ ಫೆರೂಲ್‌ನಿಂದ (ಓಣಿಯ ಲೈನಿಗೆ ಮನೆಯ ಪೈಪು ಕೂಡುವ ಜೋಡಣೆ) ಕಾಂಪೌಂಡಿನವರೆಗೆ ನಡುವೆ ಜೋಡಣೆಯೇ ಇಲ್ಲದ ಒಂದೇ ಉದ್ದದ ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪು ಎಳೆಸಿ. ಗಟಾರದ ಭಾಗದಲ್ಲಿ ಅದನ್ನು ಎರಡಿಂಚಿನ ಪಿವಿಸಿ ಕವಚದೊಳಗೆ ತೂರಿಸಿ, ಗಟಾರ ತುಂಬಿ ಹರಿದರೂ ಮುಳುಗದಷ್ಟು ಮೇಲೆ ಕಟ್ಟಿಸಿ. ಲೈನಿನ ಮೇಲೆ ಕೈ ಹಾಕಲು ಪಾಲಿಕೆಯ ಅನುಮತಿ ಬೇಕು, ವಾಲ್‌ಮನ್‌ಗೆ ಹೇಳಿ ಸುಮ್ಮನಾದರೆ ಆಗದು.

ಸಂಪಿದ್ದರೆ ಒಂದು ಸಲ ಬಿರುಕಿನ ಪರೀಕ್ಷೆ ಮಾಡಿ. ತುಂಬಿಸಿ, ಒಳಹೊರ ಎರಡೂ ವಾಲ್ ಬಂದ್ ಮಾಡಿ, ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ. ಮರುದಿನ ಅದೇ ಹೊತ್ತಿಗೆ ಒಂದು ಬೆರಳಿಗಿಂತ ಹೆಚ್ಚು ಇಳಿದಿದ್ದರೆ ಸೋರಿಕೆ ಇದೆ, ತುಂಬಿದಾಗ ಹೊರಗೆ ಸೋರುವ ಸಂಪು ಖಾಲಿಯಾದಾಗ ಹೊರಗಿನದನ್ನು ಒಳಗೆಳೆಯುತ್ತದೆ. ಎರೆ ನೆಲದಲ್ಲಿ ಕಟ್ಟಿದ ಹಳೆಯ ಇಟ್ಟಂಗಿ ಸಂಪುಗಳು ಇದರಲ್ಲಿ ಬಹಳ ಸಲ ಸೋಲುತ್ತವೆ. ಮುಚ್ಚಳದ ಕಟ್ಟೆ ಅಂಗಳಕ್ಕಿಂತ ಅರ್ಧ ಅಡಿ ಎತ್ತರವಿರಲಿ.

ಸಂಪು ತೊಳೆಯಲು ಮೇ ತಿಂಗಳ ಕೊನೆ, ದಸರೆ ಮುಗಿದ ಮೇಲೆ, ಹೀಗೆ ವರ್ಷಕ್ಕೆ ಎರಡು ಸಲ. ಕೆಸರು ತೆಗೆದು, ಗೋಡೆ ಉಜ್ಜಿ, ನೀರು ತುಂಬಿ, 1,000 ಲೀಟರಿಗೆ 150ರಿಂದ 200 ಗ್ರಾಂ ಬ್ಲೀಚಿಂಗ್ ಪೌಡರ್ ಕದಡಿ ಹಾಕಿ ಒಂದು ರಾತ್ರಿ ಬಿಡಿ. ಮರುದಿನ ಆ ನೀರನ್ನು ಮನೆಯ ನಳಗಳಿಂದ ಹರಿಸಿ ಖಾಲಿ ಮಾಡಿ. ಗಿಡಕ್ಕೆ ಹಾಕಬೇಡಿ, ಬೇರು ಸುಡುತ್ತದೆ. ಮುಚ್ಚಿದ ಸಂಪಿಗೆ ಒಬ್ಬರೇ ಇಳಿಯಬಾರದು, ಮುಚ್ಚಳ ತೆಗೆದು ತಾಸೊಪ್ಪತ್ತು ಗಾಳಿಯಾಡಲು ಬಿಟ್ಟು, ಮೇಲೆ ಒಬ್ಬರನ್ನು ನಿಲ್ಲಿಸಿಕೊಂಡೇ ಇಳಿಯಬೇಕು. ಪಾಯಖಾನೆ ತೊಳೆಯುವ ಆಸಿಡ್‌ಗೂ ಬ್ಲೀಚಿಂಗ್ ಪೌಡರ್‌ಗೂ ಒಂದೇ ಬಕೆಟ್ ಬಳಸಬೇಡಿ, ಎರಡೂ ಸೇರಿದರೆ ವಿಷದ ಗಾಳಿ ಏಳುತ್ತದೆ.

ದಿನನಿತ್ಯದ ಪ್ರಮಾಣ ಬೇರೆ. ಹೊಸ ಪುಡಿಯಲ್ಲಿ ಶೇ 33ರಷ್ಟು ಕ್ಲೋರಿನ್ ಇದ್ದರೆ 1,000 ಲೀಟರಿಗೆ 2.5 ಗ್ರಾಂ ಎಂಬುದು ರೂಢಿಯ ಲೆಕ್ಕ. ಬಾಯಿ ತೆರೆದಿಟ್ಟ ಪುಡಿ ತೇವಕ್ಕೆ, ಬಿಸಿಲಿಗೆ ಬೇಗ ಸತ್ವ ಕಳೆದುಕೊಳ್ಳುತ್ತದೆ. ಅಂಥದ್ದು 4–5 ಗ್ರಾಂ ಬೇಕಾದೀತು. ಚಮಚದ ಅಂದಾಜು ಬೇಡ, ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ 50 ಗ್ರಾಂ ತೂಗಿಸಿ ಇಪ್ಪತ್ತು ಪೊಟ್ಟಣ ಕಟ್ಟಿಕೊಳ್ಳಿ, ಒಂದೊಂದು 2.5 ಗ್ರಾಂ. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿ ನೀರನ್ನಷ್ಟೇ ಸಂಪಿಗೆ ಹಾಕಿ. ಅರ್ಧ ತಾಸಿನ ನಂತರ ಕ್ಲೋರಿನ್ ಕಿಟ್‌ನಲ್ಲಿ ನೋಡಿದರೆ ಲೀಟರಿಗೆ 0.2ರಿಂದ 0.5 ಮಿ.ಗ್ರಾಂ ಉಳಿದಿರಬೇಕು. ಏನೂ ಉಳಿಯದಿದ್ದರೆ ಪುಡಿ ಹಳತು, ಇಲ್ಲವೇ ನೀರು ರಾಡಿ. ರಾಡಿ ನೀರಿಗೆ ಕ್ಲೋರಿನ್ ಹಾಕುವುದು ದಂಡ. ಮೊದಲು ತಿಳಿಯಾಗಲು ಬಿಟ್ಟು, ನಾಲ್ಕು ಮಡಿಕೆಯ ಅರಿವೆಯಲ್ಲಿ ಸೋಸಿ.

ಕೊಡದ ವಿಷಯಕ್ಕೆ ಬಂದರೆ, ಬೆರಳುಗಳೇ ಅಪರಾಧಿ. ನೀರು ಕುದಿಸಿ ಆರಿಸಿ ಅಗಲಬಾಯಿಯ ಪಾತ್ರೆಗೆ ಸುರಿದು, ಮಗು ಅದರಲ್ಲಿ ಲೋಟ ಅದ್ದಿತೆಂದರೆ ಗ್ಯಾಸು ಖರ್ಚಾದದ್ದೇ ಬಂತು. ಕುದಿಸಿದ ನೀರಿನಲ್ಲಿ ಕಾವಲಿಗೆ ಕ್ಲೋರಿನ್ ಕೂಡ ಉಳಿದಿರುವುದಿಲ್ಲ. ನಲ್ಲಿ ಇರುವ ಸ್ಟೀಲ್ ಪಾತ್ರೆಯಾಗಲಿ, ನಲ್ಲಿ ಕೂರಿಸಿದ ಮಣ್ಣಿನ ಹರವಿಯಾಗಲಿ ಕುಡಿಯುವ ನೀರಿಗೆಂದೇ ಇಡಿ. ತಾಮ್ರದ ಕೊಡವೇ ಬೇಕೆಂದರೆ ಉದ್ದ ಹಿಡಿಕೆಯ ಸೌಟು ಹಾಕಿ ತೆಗೆಯಿರಿ, ಸೌಟನ್ನು ಗೋಡೆಗೆ ತೂಗುಹಾಕಿ. ಇಷ್ಟು ಸಣ್ಣ ಬದಲಾವಣೆಗೆ ಮೂರನೇ ಬಾಟಲಿ ತಿಳಿಯಾಗುವುದನ್ನು ನೀವೇ ನೋಡಬಹುದು.

ನೀವು ಕೇಳದಿದ್ದರೂ ಬ್ಯಾರಲ್‌ಗಳ ಬಗ್ಗೆ ಒಂದು ಮಾತು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಬೇಕಾದದ್ದು ಏಳರಿಂದ ಹತ್ತು ದಿನ. ಎಂಟು ದಿನಕ್ಕೊಮ್ಮೆ ನೀರು ಬಿಡುವ ಊರು ಅದಕ್ಕೆ ಹೇಳಿ ಮಾಡಿಸಿದಂತಿದೆ. ಮೊಟ್ಟೆ ನೀರಿನ ಮಟ್ಟದ ಮೇಲಿನ ಒದ್ದೆ ಗೋಡೆಗೆ ಅಂಟಿರುತ್ತದೆ, ನೀರು ಚೆಲ್ಲಿದರೂ ಸಾಯದು, ಒಣಗಿ ತಿಂಗಳುಗಟ್ಟಲೆ ಕಾಯುತ್ತದೆ. ಹಾಗಾಗಿ ಹೊಸ ನೀರು ತುಂಬುವ ಮುಂಚೆ ಒಳಗೋಡೆಯನ್ನು ಒರಟು ಬ್ರಶ್‌ನಿಂದ ಉಜ್ಜಿ, ತುಂಬಿದ ಮೇಲೆ ಬಾಯಿಗೆ ಅರಿವೆ ಕಟ್ಟಿ. ಬರೀ ಮುಚ್ಚಳ ಇಟ್ಟರೆ ಸಂದಿಯಲ್ಲಿ ಸೊಳ್ಳೆ ನುಗ್ಗುತ್ತದೆ.

ಆರ್‌ಒ ನಿಮಗೆ ಬೇಡ. ಅದು ಉಪ್ಪು, ಫ್ಲೋರೈಡ್ ತೆಗೆಯುವ ಯಂತ್ರ. ಮುಂಡರಗಿ ಕಡೆಯ ಬೋರಿನ ನೀರಿಗೆ ಅರ್ಥವಿದೆ. ಮಲಪ್ರಭೆಯ ನೀರಿಗೆ ಹಾಕಿದರೆ ಒಂದು ಲೀಟರ್ ಕುಡಿಯಲು ಎರಡು ಮೂರು ಲೀಟರ್ ಗಟಾರಕ್ಕೆ ಹೋಗುತ್ತದೆ. ನಿಮ್ಮ ತೊಂದರೆ ಬ್ಯಾಕ್ಟೀರಿಯಾ. ಯುಎಫ್ (ಅತಿ ಸಣ್ಣ ರಂಧ್ರದ ಪೊರೆ) ಜೊತೆಗೆ ಯುವಿ (ಅತಿನೇರಳೆ ಬೆಳಕು) ಇರುವ ಫಿಲ್ಟರ್ ಸಾಕು, ಅದೂ ಇಲ್ಲದಿದ್ದರೆ ಕ್ಲೋರಿನ್ ಮತ್ತು ನಲ್ಲಿಯ ಪಾತ್ರೆ. ಬರೀ ಯುವಿ ರಾಡಿ ನೀರಿನಲ್ಲಿ ಕೆಲಸ ಮಾಡದು, ಬೆಳಕು ಕಣಗಳ ಹಿಂದೆ ಅಡಗಿದ್ದನ್ನು ಮುಟ್ಟುವುದಿಲ್ಲ.

ಪಾಲಿಕೆಗೆ ಹೋಗುವಾಗ "ನೀರು ಕೆಟ್ಟ ಬರ್ತೈತ್ರಿ" ಎಂದಷ್ಟೇ ಹೇಳಿದರೆ ಅರ್ಜಿ ಫೈಲಿನಲ್ಲಿ ಕೂರುತ್ತದೆ. ನಾಲ್ಕು ಪಾಳಿಯ ದಿನಾಂಕ, ನೀರು ಬಂದ ಹೊತ್ತು, ಗೇಜ್ ಅಂಕಿ, ಕ್ಲೋರಿನ್ ಅಂಕಿ, ಯಾವ ಬಾಟಲಿ ಕಪ್ಪಾಯಿತು ಎಂಬುದನ್ನು ಐದಾರು ಮನೆಯವರು ಸೇರಿ ಒಂದೇ ಹಾಳೆಯಲ್ಲಿ ಬರೆದುಕೊಡಿ. ಓಣಿಯ ಕಟ್ಟಕಡೆಯ ಮನೆಯ ಅಂಕಿ ಅದರಲ್ಲಿರಲೇಬೇಕು, ಒತ್ತಡ ಅತಿ ಕಡಿಮೆ ಇರುವುದು ಅಲ್ಲಿ. ಕ್ಲೋರಿನ್ ಸರಿಯಿದೆ ಎಂದು ಅವರು ತೋರಿಸಿದರೆ, ಒತ್ತಡದ ಅಂಕಿ ತೋರಿಸಿ.

ಪೈಪು ಬದಲಿಸುವ ಕೆಲಸವನ್ನು ನೀರು ಬಿಡುವ ಹಿಂದಿನ ದಿನಕ್ಕೆ ಇಟ್ಟುಕೊಳ್ಳಿ. ಅಂದೇ ತೆಗ್ಗು ಮುಚ್ಚಿಸಬೇಡಿ, ಸುತ್ತ ಕಲ್ಲಿಟ್ಟು ಹಾಗೇ ಬಿಡಿ. ಮರುದಿನ ನೀರು ಬಂದು ಒತ್ತಡ ಏರಿದಾಗ ಫೆರೂಲ್ ಜೋಡಣೆಯ ಸುತ್ತ ಒಣ ಕೈಯಾಡಿಸಿ ನೋಡಿ, ಒದ್ದೆಯಾಗದಿದ್ದರೆ ಮಣ್ಣು ಮುಚ್ಚಿಸಿ, ಪ್ಲಂಬರ್‌ನ ಬಾಕಿ ದುಡ್ಡನ್ನು ಆಗಲೇ ಕೊಡಿ.